ಕೊಡಗಿನಿಂದ ಇಂಟರ್‌ವ್ಯೂಗೆ: ಪಲ್ಪರ್ ಮೋಟಾರಿನ ಕತೆಯನ್ನೂ ಹೇಳಿ

ಎಲೆಕ್ಟ್ರಾನಿಕ್ಸ್ ತಯಾರಿಸುವ ಕಂಪನಿಯಿಂದ ಎಂಜಿನಿಯರ್ ಕೆಲಸಕ್ಕೆ ಕರೆ ಬಂದಿದೆಯಾ? ಮೊದಲು ನಿಮ್ಮ ರೆಸ್ಯೂಮೆಯ ಪ್ರತಿ ಸಾಲಿನ ಪಕ್ಕ ‘ಯಾಕೆ?’ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಉತ್ತರ ಹೊಳೆಯದ ಸಾಲನ್ನು ಹೊಡೆದುಹಾಕಿ. ನನ್ನ ಮೊದಲ ಇಂಟರ್‌ವ್ಯೂನಲ್ಲಿ, ‘ಇಲ್ಲಿ 4.7 ಕಿಲೋ ಓಮ್ ರೆಸಿಸ್ಟರ್ ಯಾಕೆ ಹಾಕಿದಿರಿ?’ ಎಂದು ಕೇಳಿದರು. ಗೆಳೆಯನ ಸರ್ಕ್ಯೂಟ್ ನೋಡಿ ಹಾಕಿದ್ದೆ. ಬಾಯಿ ಕಟ್ಟಿತು.

ಆಮೇಲೆ ಕಂಪನಿಯ ಕೆಲಸ ತಿಳಿದುಕೊಳ್ಳಿ. ಸರ್ಕ್ಯೂಟ್ ಬೋರ್ಡ್ ಜೋಡಿಸುವವರಾದರೆ ಸರಣಿ ಹೀಗಿರುತ್ತದೆ: ಸೋಲ್ಡರ್ ಪೇಸ್ಟ್ (ಬಿಡಿಭಾಗವನ್ನು ಬೋರ್ಡಿಗೆ ಬೆಸೆಯುವ ಲೋಹದ ಪೇಸ್ಟ್) ಹಚ್ಚುವುದು, ಬಿಡಿಭಾಗ ಕೂರಿಸುವುದು, ಆ ಸೋಲ್ಡರ್ ಕರಗುವಂತೆ ರಿಫ್ಲೋ ಓವನ್‌ನಲ್ಲಿ ಕಾಯಿಸುವುದು, ಕ್ಯಾಮೆರಾ ತಪಾಸಣೆ. ತವರ, ಬೆಳ್ಳಿ, ತಾಮ್ರ ಸೇರಿದ ಸೀಸವಿಲ್ಲದ ಸೋಲ್ಡರ್ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಓವನ್ ಅದಕ್ಕಿಂತ ಜಾಸ್ತಿ ಬಿಸಿ ಇರಬೇಕು, ಆದರೆ ಬಿಡಿಭಾಗ ಸುಡಬಾರದು. ಇಷ್ಟು ವಿವರಿಸಿದರೂ ಎದುರಿಗಿದ್ದವರು ಕಿವಿಗೊಡುತ್ತಾರೆ.

ಟೆಕ್ನಿಕಲ್ ರೌಂಡಿನಲ್ಲಿ, ‘ನೀವೇ ಬಗೆಹರಿಸಿದ ಒಂದು ಸಮಸ್ಯೆ ಹೇಳಿ’ ಎನ್ನುತ್ತಾರೆ. ಕಾಫಿ ತೋಟದಲ್ಲಿ ಬೆಳೆದವರಿಗೆ ಇದಕ್ಕೆ ಬರವಿಲ್ಲ. ಆದರೂ ನಾವು ಅದನ್ನು ಮುಚ್ಚಿಟ್ಟು ಕಾಲೇಜು ಪ್ರಾಜೆಕ್ಟನ್ನೇ ಒಪ್ಪಿಸುತ್ತೇವೆ, ಅಲ್ವಾ? ಎರಡನೇ ಇಂಟರ್‌ವ್ಯೂನಲ್ಲಿ ನಾನು ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮೋಟಾರಿನ ಕತೆ ಹೇಳಿದೆ. ಹಣ್ಣು ಕುಯ್ಯುವ ದಿನಗಳಲ್ಲಿ ಅದು ಪದೇ ಪದೇ ಟ್ರಿಪ್ ಆಗುತ್ತಿತ್ತು. ಬೆಲ್ಟ್ ಸಡಿಲಿಸಿದೆವು, ಬೇರಿಂಗಿಗೆ ಗ್ರೀಸ್ ಹಾಕಿದೆವು, ಪ್ರಯೋಜನವಾಗಲಿಲ್ಲ. ಮಲ್ಟಿಮೀಟರ್ ಹಿಡಿದಾಗ ಗೊತ್ತಾಯಿತು: ಮನೆಯ ಬಳಿ 230 ವೋಲ್ಟ್ ಇದ್ದರೂ ಮೋಟಾರು ಓಡುವಾಗ ಪಲ್ಪರ್ ಮನೆಯಲ್ಲಿ 185. ವೈರು ಉದ್ದ, ಜೊತೆಗೆ ಸಪೂರ. ವೋಲ್ಟೇಜ್ ಇಳಿದಷ್ಟೂ ಮೋಟಾರು ಕರೆಂಟು ಜಾಸ್ತಿ ಎಳೆಯುತ್ತಿತ್ತು. ದಪ್ಪ ವೈರು ಎಳೆದ ಮೇಲೆ ಟ್ರಿಪ್ ನಿಂತಿತು. ಹತ್ತು ನಿಮಿಷ ಅದರ ಮೇಲೆಯೇ ಪ್ರಶ್ನೆ ಕೇಳಿದರು. ಕೆಲಸವೂ ಸಿಕ್ಕಿತು.

ನೀವೂ ಇದೇ ಕ್ರಮದಲ್ಲಿ ಹೇಳಿ: ಏನು ಕೆಟ್ಟಿತು, ಏನು ಊಹಿಸಿದಿರಿ, ಏನು ಅಳೆದಿರಿ, ಏನು ಬದಲಿಸಿದಿರಿ. ತಪ್ಪಿದ ಊಹೆಯನ್ನು ಬಿಡಬೇಡಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ’ ಎನ್ನಿ. ಸುಮ್ನೆ ಏನೋ ಹೇಳಿದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಇನ್ನು ಪ್ರಯಾಣ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಬಸ್ಸು ಹತ್ತಿ. ಆನ್‌ಲೈನ್ ಇದ್ದು ಮಳೆಗಾಲವಾದರೆ ತೋಟದ ಮನೆಯ ಕರೆಂಟು ನಂಬಬೇಡಿ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ನೆಂಟರ ಮನೆಯಲ್ಲಿ ಕುಳಿತುಕೊಳ್ಳಿ.

ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ?’ ಎಂದಾಗ ರಾತ್ರಿ ಶಿಫ್ಟು ಎಷ್ಟು, ತರಬೇತಿ ಎಷ್ಟು ತಿಂಗಳು, ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದೆಯಾ ಎಂದು ಕೇಳಿ. ಬಾಂಡ್ ಇದ್ದರೆ ಸಹಿ ಹಾಕುವ ಮೊದಲು ಮನೆಗೆ ತಂದು ಓದಿ.