ಬ್ಯಾಡಗಿ ಮೆಣಸಿನಕಾಯಿ ಹಾಟ್‌ಪಾಟ್: ಬರ್ತ್‌ಡೇ ಊಟದ ನನ್ನ ಅನುಭವ

ಹಾಟ್‌ಪಾಟ್ ಅಂದರೆ ಕುದಿಯೋ ಸಾರಿನ ಪಾತ್ರೆ ನಡುವೆ ಇಟ್ಟು, ಮಾಂಸ, ತರಕಾರಿ ಅದ್ದಿ ಬೇಯಿಸಿಕೊಂಡು ತಿನ್ನೋ ಚೀನಾ ಊಟ. ಅದು ಗೆಲ್ಲೋದೂ ಸೋಲೋದೂ ಎಣ್ಣೆಯಲ್ಲೇ, ಸಾರಿನಲ್ಲಿ ಅಲ್ಲ. ಇದು ತಿಳಿಯೋಕೆ ನನಗೆ ಎರಡು ವರ್ಷ ಮತ್ತು ಸಾಕಷ್ಟು ಮಟನ್ ಬೇಕಾಯಿತು. ಮನೆಯಲ್ಲೇ ಮಾಡ್ತೀನಿ ಅಂದಾಗ ಹುಬ್ಬಳ್ಳಿಯ ಗೆಳೆಯರು ನಕ್ಕರು. “ಲೇ ದೋಸ್ತ, ಕುದಿಯೋ ನೀರಾಗ ಕಾಯಿಪಲ್ಲೆ ಅದ್ದಿ ತಿನ್ನಾಕ ಬರ್ತ್‌ಡೇ ಬೇಕೇನಲೇ? ಸಾವಜಿ ಹೋಟೆಲಿಗೆ ನಡಿ!” ಹಾಗಂದ ದೋಸ್ತನೇ ಈ ಸಲ ಊಟದಿಂದ ಕೊನೆಗೆ ಎದ್ದ.

ಚೀನಾದ ಚೋಂಗ್‌ಚಿಂಗ್ ಕಡೆ ದನದ ಕೊಬ್ಬಿನಲ್ಲಿ ಮಸಾಲೆ ಹುರಿಯುತ್ತಾರೆ. ನಾನು ಮೊದಲು ತುಪ್ಪ ಹಾಕಿದ್ದೆ, ಮನೆಯೆಲ್ಲ ಹೋಳಿಗೆ ವಾಸನೆ. ಆಮೇಲೆ ಡಾಲ್ಡಾ. ಸ್ವಲ್ಪ ಆರಿದರೆ ಸಾಕು, ಬಾಯಿಯ ಅಂಗುಳಕ್ಕೆ ಮೇಣದಂತೆ ಅಂಟುತ್ತಿತ್ತು. ಈಗ ಅರ್ಧ ಶೇಂಗಾ ಎಣ್ಣೆ, ಅರ್ಧ ಕರಗಿಸಿದ ಕುರಿ ಚರಬಿ. ವೆಜ್ ಪಾತ್ರೆಗೆ ಬರೀ ಶೇಂಗಾ ಎಣ್ಣೆ, ಜೊತೆಗೆ ಇನ್ನೊಂದು ಸಾಮಾನು. ಅದರ ಹೆಸರು ಮಾತ್ರ ಕೇಳಬೇಡಿ.

ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಹೆಚ್ಚುಕಮ್ಮಿ ಮೂರಕ್ಕೆ ಒಂದು. ಬಿಸಿನೀರಲ್ಲಿ ನೆನೆಸಿ, ತರಿತರಿಯಾಗಿ ರುಬ್ಬಿ, ಬೆಳ್ಳುಳ್ಳಿ-ಶುಂಠಿ ಜೊತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಹತ್ತಿರ ಹುರಿಯಬೇಕು. ಕಿವಿಗೊಟ್ಟು ಕೇಳಿ. ಮೊದಲು ಚಟಪಟ ಜೋರಾಗಿರುತ್ತದೆ. ನೀರು ಹೋದಂತೆ ಸದ್ದು ಇಳಿಯುತ್ತದೆ, ಕೆಂಪೆಣ್ಣೆ ಅಂಚಿಗೆ ಬಿಟ್ಟುಕೊಳ್ಳುತ್ತದೆ. ಆಗ ಇಳಿಸಿ, ಒಂದು ರಾತ್ರಿ ಹಾಗೇ ಬಿಡಿ. ಅವಸರ ಮಾಡಿದರೆ ತಳ ಹಿಡಿದು ಕಹಿ.

ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು ಆನ್‌ಲೈನ್‌ನಲ್ಲಿ ದುಬಾರಿ, ಹಳೆಯದೂ ಬರುತ್ತದೆ. ಅದೇ ಕುಲದ್ದು ನಮ್ಮ ಕಾರವಾರದ ಕಡೆ ಮೀನಿನ ಸಾರಿಗೆ ಹಾಕುವ ತೆಪ್ಪಳ. ಬೀಜ ಬಿಸಾಕಿ ಸಿಪ್ಪೆ ಮಾತ್ರ ಹಾಕಿದೆ. “ಬಾಯಾಗ ಕರೆಂಟ್ ಹೊಡ್ದಂಗ ಆತಲೇ!” ಅಂದರು. ಸಾಕಲ್ವಾ?

ಮಾಂಸ ತೆಳ್ಳಗೆ ಕೊಯ್ಯೋಕೆ ಅಂಗಡಿಯವರು ಒಪ್ಪಲ್ಲ. ಮೂಳೆಯಿಲ್ಲದ ತೊಡೆ ತಂದು, ಅರ್ಧ ಗಟ್ಟಿಯಾಗುವಷ್ಟು ಫ್ರೀಜರ್‌ನಲ್ಲಿಟ್ಟು, ಎಳೆಗೆ ಅಡ್ಡವಾಗಿ ನಾನೇ ಕೊಯ್ದೆ. ಆಲೂಗಡ್ಡೆ ಮೊದಲೇ ಹಾಕಬೇಡಿ. ಕರಗಿ ಸಾರು ದಪ್ಪಗಾಗಿ ತಳ ಹಿಡಿಯುತ್ತದೆ. ಪಾಲಕ್ ಈ ಮಸಾಲೆ ಹಾಕಿದ ಕೆಂಪು ಸಾರಿನ ಪಾತ್ರೆಗೆ ಹಾಕಿದರೆ ಎಣ್ಣೆಯೆಲ್ಲ ಎಲೆಯೇ ಕುಡಿಯುತ್ತದೆ, ಬಾಯಿ ಉರಿದು ಹೋಗುತ್ತದೆ. ಸೊಪ್ಪು ಯಾವತ್ತೂ ಮಸಾಲೆ ಹಾಕದ ಸಪ್ಪೆ ಸಾರಿಗೆ. ಇನ್ನೊಂದು: ಎರಡು ಇಂಡಕ್ಷನ್ ಒಲೆಯನ್ನು ಒಂದೇ ಬೋರ್ಡಿಗೆ ಹಾಕಬೇಡಿ. ಒಂದು 2000 ವ್ಯಾಟ್ ಒಲೆಯೇ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಎರಡು ಸೇರಿದರೆ ಬೋರ್ಡಿಗೆ ಭಾರ.

ಅದ್ದಿಕೊಂಡು ತಿನ್ನೋ ಚಟ್ನಿಗೆ ಎಳ್ಳಿನ ಪೇಸ್ಟ್ ಸಿಗಲಿಲ್ಲ. ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಬಿಸಿ ಸಾರು ಸುರಿದು, ನಾಲ್ಕು ಹನಿ ವಿನೆಗರ್ ಬಿಟ್ಟು ಕಲಸಿದೆ. ನಿಜ ಹೇಳ್ತೀನಿ, ಎಳ್ಳಿಗಿಂತ ಇದೇ ಜಾಸ್ತಿ ರುಚಿ. ಗುರೆಳ್ಳಿಂದ ಮಾಡಿದ್ದು ಮಾತ್ರ ಕಪ್ಪು ಕೆಸರಾಯಿತು. ಜೋಳದ ಹಿಟ್ಟಿನ ಉಂಡೆಯೂ ಬಿಟ್ಟೆ, ಎರಡೇ ನಿಮಿಷದಲ್ಲಿ ಒಡೆದು ಅಂಬಲಿ! ಚೀನಿಯರು ಹುಟ್ಟುಹಬ್ಬಕ್ಕೆ ಆಯುಷ್ಯ ಹೆಚ್ಚಲಿ ಅಂತ ಉದ್ದ ನೂಡಲ್ಸ್ ತಿನ್ನುತ್ತಾರೆ. ಅವ್ವ ಕಳಿಸಿದ ಗೋದಿ ಶ್ಯಾವಿಗೆ ಇತ್ತು. ಕೊನೆಗೆ ಅದನ್ನೇ ಮುರಿಯದೆ ಬಿಟ್ಟೆವು. ಎಲ್ಲ ರುಚಿ ಅದಕ್ಕೇ ಹತ್ತಿತ್ತು.

ಎಂಟು ಜನಕ್ಕೆ ಮಟನ್, ಚಿಕನ್, ಅಣಬೆ, ಪನೀರ್, ಸೊಪ್ಪು, ಮೆಣಸಿನಕಾಯಿ ಎಲ್ಲ ಸೇರಿ 3,500 ರೂಪಾಯಿ ಆಸುಪಾಸು ಆಯಿತು. ಒಲೆ ಒಂದು ನಮ್ಮದು, ಇನ್ನೊಂದು ಪಕ್ಕದ ಮನೆಯದು. ಹಿಂದಿನ ಸಲ ಬರೀ ಡಬ್ಬಿ ಸಾಸ್, ಪ್ಯಾಕೆಟ್‌ಗಳಿಗೇ ಸುಮಾರು 1,800 ಹೋಗಿತ್ತು, ಆದರೂ ಒಂದು ತುತ್ತೂ ಬಾಯಿಗೆ ಸೇರಿರಲಿಲ್ಲ.

ಅರ್ಧ ಡಬ್ಬಿ ಮಸಾಲೆ ಉಳಿದಿದೆ. ಧಾರವಾಡದ ಗೆಳತಿ ಮುಂದಿನ ತಿಂಗಳು ಮಗಳ ಬರ್ತ್‌ಡೇಗೆ ಬಂದು ಮಾಡಿಕೊಡು ಅಂದಿದ್ದಾಳೆ. ತಲೆಗೆ 600 ಹೇಳಿದ್ದೇನೆ, ಚೌಕಾಸಿ ನಡೆದಿದೆ.