ಆಫೀಸ್ ಲ್ಯಾಪ್‌ಟಾಪ್ ವಾಪಸ್ ಕೊಡುವ ಮುಂಚೆ

ನೋಟಿಸ್ ಪೀರಿಯಡ್‌ನಲ್ಲಿರುವವರು ಲ್ಯಾಪ್‌ಟಾಪ್‌ನಿಂದ ನಿಮ್ಮ ಸ್ವಂತ ಮಾಹಿತಿ ಅಳಿಸುವುದನ್ನು ಕೊನೆಯ ದಿನದವರೆಗೆ ಎಳೆಯಬೇಡಿ. ಎಷ್ಟೋ ಕಡೆ ಅವತ್ತು ಮಧ್ಯಾಹ್ನಕ್ಕೇ ಲಾಗಿನ್ ಬಂದ್ ಆಗಿರುತ್ತದೆ.

ಮೊದಲು ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಆಧಾರ್ ಪಿಡಿಎಫ್, ಬ್ಯಾಂಕ್ ಸ್ಟೇಟ್‌ಮೆಂಟ್, ಮಗುವಿನ ಸ್ಕೂಲ್ ಫೀಸ್ ರಸೀದಿ ಎಲ್ಲ ಅಲ್ಲೇ ಬಿದ್ದಿರುತ್ತವೆ. ನಿಮ್ಮದನ್ನು ಮಾತ್ರ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಬೇಕಾದ್ದನ್ನು ಕಾಪಿ ಮಾಡಿಕೊಳ್ಳಲು ಪೆನ್ ಡ್ರೈವ್ ಚುಚ್ಚುವ ಮುಂಚೆ ಐಟಿಯವರನ್ನು ಒಂದು ಮಾತು ಕೇಳಿ, ಸುಮ್ನೆ ಅನುಮಾನಕ್ಕೆ ದಾರಿ ಯಾಕೆ?

ಕ್ರೋಮ್ ವಿಷಯದಲ್ಲಿ ಜಾಸ್ತಿ ಹುಷಾರು. ನಿಮ್ಮ ಸ್ವಂತ ಜಿಮೇಲ್‌ನಿಂದ ಸಿಂಕ್ (ಲ್ಯಾಪ್‌ಟಾಪ್, ಫೋನ್ ಎರಡರಲ್ಲೂ ಒಂದೇ ಮಾಹಿತಿ ಇಡುವ ವ್ಯವಸ್ಥೆ) ಆನ್ ಇದ್ದಾಗ ಹಿಸ್ಟರಿ, ಪಾಸ್‌ವರ್ಡ್ ಅಳಿಸಿದರೆ ನಿಮ್ಮ ಫೋನಿನಲ್ಲೂ ಹೋಗುತ್ತವೆ! ಅದಕ್ಕೇ ಮೊದಲು ಸಿಂಕ್ ಆಫ್ ಮಾಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಅವಧಿಯಲ್ಲಿ 'ಆಲ್ ಟೈಮ್' ಆರಿಸಿ ಅಳಿಸಿ. ಆ ಜಿಮೇಲ್‌ಗೆ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಇದ್ದರೆ ಇನ್ನೂ ಸುಲಭ, ಸಿಂಕ್ ಆಫ್ ಮಾಡಿದ ಮೇಲೆ ಆ ಪ್ರೊಫೈಲನ್ನೇ ಡಿಲೀಟ್ ಮಾಡಿ.

ವಾಟ್ಸ್‌ಆ್ಯಪ್ ವೆಬ್ ಅನ್ನು ಫೋನಿನ 'ಲಿಂಕ್ಡ್ ಡಿವೈಸಸ್'ನಿಂದ ಲಾಗೌಟ್ ಮಾಡಿ. ಲ್ಯಾಪ್‌ಟಾಪ್ ಕೊಟ್ಟ ಮೇಲೂ ಇದನ್ನು ಮಾಡಬಹುದು.

ಆಫೀಸ್ ಫೈಲು, ಮೇಲ್‌ಗಳ ತಂಟೆಗೆ ಹೋಗಬೇಡಿ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ, ಅದು ಕಂಪನಿಯ ಸ್ವತ್ತು ಅಲ್ವಾ. ಇಷ್ಟು ಮಾಡಿದರೂ ಕಂಪನಿಯ ನೆಟ್‌ವರ್ಕ್ ಲಾಗ್‌ನಲ್ಲಿ (ಯಾವ ಸೈಟ್ ನೋಡಿದಿರಿ ಎಂಬ ದಾಖಲೆ) ಇರುವುದು ಅಳಿಯುವುದಿಲ್ಲ. ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಕ್ರೋಮ್ ವಿಂಡೋ) ಬಳಸಿದ್ದರೂ ಅಷ್ಟೇ.

ಹಾಂ, ಪಿಎಫ್, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗಳಿಗೆ ಆಫೀಸ್ ಮೇಲ್ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ. ಆಮೇಲೆ ಓಟಿಪಿ ಆ ಮೇಲ್‌ಗೆ ಬಂದರೆ ತೆಗೆಯುವವರು ಯಾರು?