ಹಿಮ್ಮೇಳ ಮೊದಲು, ವೇದಿಕೆ ಆಮೇಲೆ: ಲಂಡನ್ನಿಗೆ ಬರುವ ನಮ್ಮ ಕಡೆಯ ಪದಗಾರರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಲಂಡನ್ನಿಗೆ ಬರುವ ಪದಗಾರರು ಮೊದಲು ಕೇಳುವುದು, ಹಾಡಲಿಕ್ಕೆ ಎಲ್ಲಿ ಅವಕಾಶ ಸಿಗುತ್ತದೆ ಎಂದು. ಅದಕ್ಕೂ ಮೊದಲು ಯೋಚಿಸಬೇಕಾದದ್ದು, ಹಿಂದೆ ಯಾರು ಹಾಡುತ್ತಾರೆ ಅನ್ನುವುದು. ಊರಿನ ಭಜನಿ ಮೇಳದಲ್ಲಿ ಪಲ್ಲವಿ ಎತ್ತಿಕೊಳ್ಳಲು ನಾಲ್ಕು ದನಿ, ದಮ್ಮಡಿ, ತಾಳ ಇದ್ದೇ ಇರುತ್ತವೆ. ಒಂದು ನುಡಿ (ಚರಣ) ಮುಗಿಸಿ ನೀವು ಉಸಿರೆಳೆದುಕೊಳ್ಳುವಷ್ಟು ಹೊತ್ತು ಅವರು ಪದ ಹಿಡಿದಿರುತ್ತಾರೆ. ಇಲ್ಲಿ ಒಬ್ಬರೇ ನಿಂತರೆ ಆ ಉಸಿರಿನ ಜಾಗ ಖಾಲಿ ಬೀಳುತ್ತದೆ. ಅದನ್ನು ತುಂಬಲು ಹೋಗಿ ಲಯ ಓಡುತ್ತದೆ, ಮೂರನೇ ನುಡಿಗೆ ದನಿ ಸೋಲುತ್ತದೆ. ಗೀಗೀ ಪದದವರಿಗಂತೂ ದಪ್ಪು, ತುಂತುಣಿ, ಹಿಂದಿನವರ ಗೀಗೀ ದನಿ ಇಲ್ಲದೆ ಪದವೇ ನಿಲ್ಲುವುದಿಲ್ಲ.

ಆದ್ದರಿಂದ ಊರು ಬಿಡುವ ಮುಂಚೆ ಒಂದು ಸಂಜೆ ಮೇಳದವರನ್ನು ಕೂಡಿಸಿ, ಹತ್ತು ಪದಗಳ ಹಿಮ್ಮೇಳವನ್ನಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಪದ ಎರಡು ಸಲ: ಒಮ್ಮೆ ನಿಧಾನಕ್ಕೆ, ಒಮ್ಮೆ ರೂಢಿಯ ನಡೆಯಲ್ಲಿ. ಇದು ವೇದಿಕೆಯ ಮೇಲೆ ಹಚ್ಚಲಿಕ್ಕಲ್ಲ. ರೆಕಾರ್ಡು ನಿಮಗಾಗಿ ಕಾಯುವುದಿಲ್ಲ. ಒಂದು ಆಲಾಪ ಉದ್ದವಾದರೆ ಅದು ಮುಂದೆ ಹೋಗಿಬಿಡುತ್ತದೆ. ಇಲ್ಲಿಯ ಹೊಸ ಹಿಮ್ಮೇಳಕ್ಕೆ ಕಲಿಸಲು ಅದು ಬೇಕು. ಯಾವ ಪದ ಯಾವ ಊರಿನ ಯಾರಿಂದ ಕಲಿತದ್ದು ಎಂದು ಒಂದೊಂದು ಸಾಲು ಬರೆದಿಡಿ. ಇಲ್ಲಿಯ ಜಾನಪದ ಕೂಟಗಳಲ್ಲಿ ಹಾಡಿಗಿಂತ ಮೊದಲು ಕೇಳುವುದೇ ಅದನ್ನು. ಧಾರವಾಡ ಆಕಾಶವಾಣಿ ಕಲಾವಿದರಿಗೆ ಕೊಡುವ ಗ್ರೇಡ್ ಪತ್ರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರ್ಯಕ್ರಮ ಪತ್ರಗಳು ಇದ್ದರೆ ಇಂಗ್ಲಿಷ್ ಅನುವಾದದ ಜೊತೆ ತನ್ನಿ.

ಇನ್ನು ವಾದ್ಯ. ಏಕತಾರಿಯನ್ನು ವಿಮಾನದಲ್ಲಿ ಕೈಯಲ್ಲೇ ತನ್ನಿ. ದಂಡಿ ಉದ್ದವಾಗಿದ್ದರೆ ಟಿಕೆಟ್ ಮಾಡಿಸುವಾಗಲೇ ವಿಮಾನ ಕಂಪನಿಯನ್ನು ಕೇಳಿ. ತಂತಿಯನ್ನು ಪೂರ್ತಿ ಬಿಚ್ಚದೆ ಎರಡು ಸ್ವರ ಇಳಿಸಿ. ಪೂರ್ತಿ ಬಿಚ್ಚಿದರೆ ತಂತಿ ಹೊರುವ ಕುದುರೆ ಜರುಗುತ್ತದೆ, ಬಿಗಿಯಾಗಿಯೇ ಬಿಟ್ಟರೆ ಚರ್ಮ ಕುಸಿಯುತ್ತದೆ. ಸೋರೆ ಬುರುಡೆಯೊಳಗೆ ಬೀಜ, ಒಣತಿರುಳು, ಹುಳ ಉಳಿದಿರಬಾರದು. ಹದ ಮಾಡದ ಹಸಿ ಚರ್ಮ, ಕೂದಲುಳಿದ ಚರ್ಮ ತರಲೇಬೇಡಿ. 2006ರಲ್ಲಿ ಸ್ಕಾಟ್ಲೆಂಡಿನಲ್ಲಿ, 2008ರಲ್ಲಿ ಲಂಡನ್ನಿನಲ್ಲಿ ಹೊರದೇಶದ ಚರ್ಮದ ಡ್ರಮ್ಮುಗಳ ಸಂಪರ್ಕದಿಂದ ಆಂಥ್ರಾಕ್ಸ್ ತಗುಲಿ ಸಾವುಗಳಾಗಿವೆ. ಚರ್ಮವಾದ್ಯದ ವಿಷಯದಲ್ಲಿ ಇಲ್ಲಿ ಕಟ್ಟುನಿಟ್ಟು ಇರುವುದಕ್ಕೆ ಕಾರಣವಿದೆ. ಡೊಳ್ಳಿನವರು ಫೈಬರ್ ಹೊದಿಕೆಯದನ್ನೇ ತರುವುದು ಒಳ್ಳೆಯದು. ವೇಷದಲ್ಲಿ ನವಿಲುಗರಿ ಇದ್ದರೆ ಊರಲ್ಲೇ ಬಿಟ್ಟು ಬನ್ನಿ, ಭಾರತದಿಂದ ಹೊರಗೆ ಒಯ್ಯುವಂತಿಲ್ಲ.

ಇಲ್ಲಿಯ ಹವೆ ವಾದ್ಯಕ್ಕೆ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿದು ಗಾಳಿ ಒಣಗುತ್ತದೆ. ಚರ್ಮ ಬಿಗಿಯುತ್ತದೆ, ಬುರುಡೆ ಬಿರುಕು ಬಿಡುತ್ತದೆ, ಬಿರಡೆಯ ಕಟ್ಟಿಗೆ ಕುಗ್ಗಿ ಜಾರತೊಡಗುತ್ತದೆ. ಬಿರಡೆಗೆ ಸೀಮೆಸುಣ್ಣ ತಿಕ್ಕಿದರೆ ಹಿಡಿಯುತ್ತದೆ. ಅದೇ ವಾದ್ಯ ಮಳೆಯಲ್ಲಿ ಹೊರಗೆ ಹೋದರೆ ಹತ್ತು ನಿಮಿಷದಲ್ಲಿ ದನಿ ಮೆತ್ತಗಾಗುತ್ತದೆ. ಊರಿನ ಹಾಗೆ ಹುಲ್ಲು, ಕಾಗದ ಹೊತ್ತಿಸಿ ಹಲಗೆ ಕಾಯಿಸಲು ಇಲ್ಲಿ ಆಗದು, ಹೊಗೆಗೆ ಇಡೀ ಕಟ್ಟಡದ ಅಲಾರಂ ಕೂಗುತ್ತದೆ. ಕೂದಲು ಒಣಗಿಸುವ ಡ್ರೈಯರನ್ನು ಒಂದು ಅಡಿ ದೂರ ಹಿಡಿದು, ಅಂಚಿನಿಂದ ಒಳಕ್ಕೆ ಸುತ್ತಿಸುತ್ತಾ ಎರಡು ನಿಮಿಷ ಕಾಯಿಸಿ. ಹೀಟರಿನ ಮೇಲೆ ಮಾತ್ರ ಇಡಬೇಡಿ; ಒಂದು ಕಡೆ ಮಾತ್ರ ಕಾದು ಚರ್ಮ ಹರಿಯುತ್ತದೆ. ತೇವ ಅಳೆಯುವ ಸಣ್ಣ ಮೀಟರು ಕೊಂಡು ವಾದ್ಯದ ಕೋಣೆಯಲ್ಲಿ ಶೇಕಡಾ 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳಿ.

ಹಿಮ್ಮೇಳ ಎಲ್ಲಿ ಸಿಗುತ್ತದೆ? ಕನ್ನಡ ಸಂಘಗಳಲ್ಲಿ ಭಜನೆ ಬಲ್ಲವರು ಇರುತ್ತಾರೆ. ಯುಗಾದಿ, ಬಸವ ಜಯಂತಿ, ರಾಜ್ಯೋತ್ಸವದ ಹೊತ್ತಿಗೆ ಎಲ್ಲರೂ ಕೂಡುತ್ತಾರೆ. ಮೂರು ಜನ ಸಿಕ್ಕರೆ ಸಾಕು, ವಾರಕ್ಕೊಮ್ಮೆ ಒಂದೂವರೆ ತಾಸು ಕೂಡಿ. ಮನೆಯ ಗೋಡೆಗಳು ತೆಳು, ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಶಬ್ದದ ನಿಯಮ ಇನ್ನೂ ಬಿಗಿ. ತಾಸಿನ ಬಾಡಿಗೆಗೆ ಸಿಗುವ ಸಮುದಾಯ ಭವನ ಹಿಡಿಯಿರಿ.

ಎರಡನೇ ಹಿಮ್ಮೇಳ ಇಂಗ್ಲಿಷರದ್ದೇ. ಇಲ್ಲಿಯ ಫೋಕ್ ಕ್ಲಬ್ಬುಗಳಲ್ಲಿ, ಅಂದರೆ ಜಾನಪದ ಹಾಡಿನ ಕೂಟಗಳಲ್ಲಿ, ಕೇಳುಗರು ಪಲ್ಲವಿ ಬಂದರೆ ಸುಮ್ಮನೆ ಕೂಡುವವರಲ್ಲ, ದನಿಗೂಡಿಸುತ್ತಾರೆ. ಈ ರೂಢಿ ನಮ್ಮ ಭಜನಿಗೆ ಎಷ್ಟು ಹತ್ತಿರ ಎಂದು ಬಂದ ಕೂಡಲೇ ಯಾರೂ ಹೇಳುವುದಿಲ್ಲ. ಮುಖ್ಯ ಕಲಾವಿದರಿಗೆ ಮುಂಚೆ ಹೊಸಬರಿಗೆ ಒಂದೆರಡು ಹಾಡಿನ ಅವಕಾಶ ಕೊಡುವುದನ್ನು ಫ್ಲೋರ್ ಸ್ಪಾಟ್ ಅನ್ನುತ್ತಾರೆ. ಬಾಗಿಲಲ್ಲಿ ಹೆಸರು ಹೇಳಿದರೆ ಸಾಮಾನ್ಯವಾಗಿ ಸಾಕು. 1930ರಲ್ಲಿ ತೆರೆದ ಕ್ಯಾಮ್ಡನ್ನಿನ ಸೆಸಿಲ್ ಶಾರ್ಪ್ ಹೌಸ್ ಇಂಗ್ಲಿಷ್ ಜಾನಪದ ಹಾಡು-ಕುಣಿತದ ಸಂಘದ ಮನೆ. ಅಲ್ಲಿಯ ಗ್ರಂಥಾಲಯವನ್ನೂ ನೋಡಿ.

ಆ ಮಂದಿಯ ಜೊತೆ ಕೂಡಲು ಶ್ರುತಿಯ ಲೆಕ್ಕ ಬೇಕು. ‘ಕರಿ ಎರಡು’ ಎಂದರೆ ಯಾರಿಗೂ ತಿಳಿಯದು. ಹಾರ್ಮೋನಿಯಂನ ಬಿಳಿ ಒಂದು ಅವರ ಸಿ, ಬಿಳಿ ಎರಡು ಡಿ, ಬಿಳಿ ನಾಲ್ಕು ಎಫ್. ಕರಿ ಒಂದು ಸಿ ಶಾರ್ಪ್, ಕರಿ ಎರಡು ಡಿ ಶಾರ್ಪ್. ಕರಿ ಎರಡರಲ್ಲಿ ಹಾಡುವವರು ಅರ್ಧ ಸ್ವರ ಇಳಿಸಿ ಬಿಳಿ ಎರಡಕ್ಕೆ ಬನ್ನಿ. ಪಿಟೀಲಿನ ಬಿಟ್ಟ ತಂತಿಗಳು ಜಿ, ಡಿ, ಎ, ಇ. ನಿಮ್ಮ ಷಡ್ಜ ಡಿ ಆದರೆ ಪಂಚಮ ಎ ಆಗುತ್ತದೆ, ಎರಡೂ ತಂತಿ ತಾವಾಗಿ ಮೊಳಗುತ್ತವೆ. ಗಿಟಾರಿನವರಿಗೆ ಸ್ವರ ಬದಲಿಸುತ್ತಾ ಹೋಗಬೇಡಿ, ಡಿ ಮತ್ತು ಎ ಎರಡನ್ನೇ ಹಿಡಿಯಿರಿ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ನಿಮ್ಮ ಕೋಮಲ ಸ್ವರದ ಕೆಳಗೆ ಅವರ ಶುದ್ಧ ಸ್ವರ ಬಂದು ಅಪಸ್ವರವಾಗುತ್ತದೆ. ದಾದರಾ ತಾಳದ ನಡೆಯ ಪದ ಅವರ ಕುಣಿತದ ಧಾಟಿಯಾದ ಜಿಗ್‌ನ ಆರು ಎಣಿಕೆಗೆ ಕೂಡುತ್ತದೆ, ಕೆಹರವಾ ಇನ್ನೂ ಸುಲಭ. ದೀಪಚಂದಿಯ ಹದಿನಾಲ್ಕು ಮಾತ್ರೆಯನ್ನು ಮೊದಲ ದಿನ ತೆಗೆಯಬೇಡಿ. ಪಲ್ಲವಿಯನ್ನು ರೋಮನ್ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಇಪ್ಪತ್ತು ಪ್ರತಿ ಹಂಚಿ, ಎರಡು ಸಲ ಹೇಳಿಕೊಡಿ. ‘ಳ’ ಬರದಿದ್ದರೆ ಬಿಡಿ, ಲಯ ತಪ್ಪಿದರೆ ಮಾತ್ರ ತಿದ್ದಿ. ಅರ್ಥ ಒಂದು ನಿಮಿಷದಲ್ಲಿ ಹೇಳಿ ಮುಗಿಸಿ.

ದುಡ್ಡಿನ ವಿಷಯ. ವಿದ್ಯಾರ್ಥಿ ವೀಸಾದವರು ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿ ಕಲಾವಿದರಾಗಿ ದುಡಿಯುವಂತಿಲ್ಲ. ರಸ್ತೆಯಲ್ಲಿ ಹಾಡಿ ಮುಂದೆ ಟೋಪಿ ಇಟ್ಟರೂ ಗಳಿಕೆಯೇ. ಸ್ಕಿಲ್ಡ್ ವರ್ಕರ್ (ಕುಶಲ ಉದ್ಯೋಗದ) ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಬಂದವರು ಸಂಭಾವನೆ ಪಡೆಯಬಹುದು. ಒಂದು ತೆರಿಗೆ ವರ್ಷದಲ್ಲಿ, ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರೊಳಗೆ, ಹಾಡಿನಿಂದ ಬಂದದ್ದು 1,000 ಪೌಂಡ್ ದಾಟಿದರೆ ಆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 5ರೊಳಗೆ, ತೆರಿಗೆ ಲೆಕ್ಕ ನಾವೇ ಕೊಡುವ ಸೆಲ್ಫ್ ಅಸೆಸ್‌ಮೆಂಟಿಗೆ ನೋಂದಾಯಿಸಿ. ಸಂಘದವರು ಕರೆದಾಗ ಶಾಲು-ಊಟಕ್ಕೆ ಒಪ್ಪುವುದು ನಿಮ್ಮ ಇಷ್ಟ, ಆದರೆ ನಿಮ್ಮದೂ ಹಿಮ್ಮೇಳದವರದೂ ಪ್ರಯಾಣದ ಖರ್ಚು, ಮೈಕ್ ಎಷ್ಟು, ಎಷ್ಟು ನಿಮಿಷ ಎಂಬ ಮೂರನ್ನು ಬರಹದಲ್ಲಿ ಕೇಳಿ. ಹಾಡುವವರ ಮೈಕಿಗೆ ಏಕತಾರಿಯ ದನಿ ಸಾಲದು, ಅದಕ್ಕೆ ಬೇರೆ ಮೈಕ್ ಬೇಕು.

ಇನ್ನು ಪದಗಳ ಹಕ್ಕುಸ್ವಾಮ್ಯದ ಮಾತು. ತತ್ವಪದಗಳ ಶಿಶುನಾಳ ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಬ್ರಿಟನ್ನಿನಲ್ಲಿ ಈ ಹಕ್ಕು ಬರೆದವರು ತೀರಿಕೊಂಡ ನಂತರ 70 ವರ್ಷ, ಭಾರತದಲ್ಲಿ 60. ಹಾಗಾಗಿ ಸಾಹಿತ್ಯ ಎಲ್ಲರದು. ಧಾಟಿಯ ಮಾತು ಬೇರೆ. ಕ್ಯಾಸೆಟ್ಟಿನಿಂದ ಜನಪ್ರಿಯವಾದ ಧಾಟಿಗಳಿಗೆ ಸಂಗೀತ ಕೊಟ್ಟವರ ಹಕ್ಕಿದೆ. ರೆಕಾರ್ಡ್ ಹೊರತರುವುದಾದರೆ ಶಿಗ್ಗಾಂವಿ ಸುತ್ತಿನ ಭಜನಿ ಮೇಳಗಳ ಹಳೆಯ ಧಾಟಿಯಲ್ಲೇ ಹಾಡಿ. ಕಿವಿಗೂ ಅದೇ ಹೊಸದು.

ಮೊದಲ ಫ್ಲೋರ್ ಸ್ಪಾಟಿಗೆ ಅರ್ಧ ತಾಸು ಮುಂಚೆ ಹೋಗಿ. ವಾದ್ಯವನ್ನು ಚೀಲದಿಂದ ಹೊರತೆಗೆದು ಒಳಗಿನ ಹವೆಗೆ ಹೊಂದಲು ಬಿಡಿ, ಆಮೇಲೆ ಶ್ರುತಿ ಮಾಡಿ. ಎರಡು ಪದ ಹಾಡಿ, ಮೂರನೆಯದಕ್ಕೆ ಒತ್ತಾಯ ಬಂದರೂ ಕೂತು ಮುಂದಿನವರ ಪಲ್ಲವಿಗೆ ದನಿಗೂಡಿಸಿ.